ಮಿದುಳಿನ ಸ್ಕ್ಯಾನ್ ಓದುವವರ ಸಂಶೋಧನೆಯನ್ನು ಅಳೆಯುವುದು ಹೇಗೆ?

1963 ಮತ್ತು 1964ರಲ್ಲಿ ಭೌತವಿಜ್ಞಾನಿ ಅಲನ್ ಕಾರ್ಮಾಕ್ ಎರಡು ಪ್ರಬಂಧ ಪ್ರಕಟಿಸಿದರು. ಎಕ್ಸ್-ರೇ ಕಿರಣಗಳು ದೇಹದೊಳಗೆ ಬೇರೆ ಬೇರೆ ದಿಕ್ಕಿನಿಂದ ಹಾಯ್ದಾಗ ಎಷ್ಟೆಷ್ಟು ಕುಂದುತ್ತವೆ ಎಂದು ಅಳೆದು, ಅದರಿಂದ ಒಳಗಿನ ರಚನೆಯನ್ನು ಕಂಡುಕೊಳ್ಳುವ ಗಣಿತ ಅವುಗಳಲ್ಲಿತ್ತು. ಹೆಚ್ಚುಕಡಿಮೆ ಯಾರೂ ಸ್ಪಂದಿಸಲಿಲ್ಲ. ಪ್ರತಿ ಕಳಿಸಿ ಎಂದು ಬಂದ ಕೋರಿಕೆಗಳಲ್ಲಿ ತೀರಾ ಸ್ವಾರಸ್ಯದ್ದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಅಧ್ಯಯನ ಕೇಂದ್ರದ್ದು ಎಂದು ಅವರೇ ಮುಂದೆ ಹೇಳಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ, ಇದೇ ಬಗೆಯಲ್ಲಿ ಎಕ್ಸ್-ರೇಗಳಿಂದ ಒಳಗಿನ ಚಿತ್ರ ಕಟ್ಟುವ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳನ್ನು ತೋರಿಸಿತು. 1979ರ ನೊಬೆಲ್ ಇಬ್ಬರಿಗೂ ಬಂತು. 1970ರಲ್ಲಿ ಉಲ್ಲೇಖಗಳನ್ನಷ್ಟೇ, ಅಂದರೆ ಬೇರೆ ಪ್ರಬಂಧಗಳು ಹೆಸರಿಸಿದ ಸಲಗಳನ್ನಷ್ಟೇ, ಎಣಿಸಿದ್ದರೆ ಆ ಎರಡು ಪ್ರಬಂಧಗಳಿಗೆ ಬೆಲೆಯೇ ಇಲ್ಲವೆಂದು ತೋರುತ್ತಿತ್ತು.

ಇವತ್ತು ನ್ಯೂರೋರೇಡಿಯಾಲಜಿ, ಅಂದರೆ ಮಿದುಳು-ನರಗಳ ಸ್ಕ್ಯಾನ್ ಓದುವ ವಿಭಾಗದ ಸಂಶೋಧಕರ ಪ್ರೊಫೈಲ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಎಚ್-ಇಂಡೆಕ್ಸ್. 2005ರಲ್ಲಿ ಇದನ್ನು ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಲೆಕ್ಕ ಸುಲಭ: ತಲಾ ಕನಿಷ್ಠ ಐದು ಉಲ್ಲೇಖ ಪಡೆದ ಐದು ಪ್ರಬಂಧಗಳಿದ್ದು, ತಲಾ ಆರು ಪಡೆದ ಆರು ಇಲ್ಲದಿದ್ದರೆ ಅದು 5. ಒಬ್ಬರ ಎಂಟು ಪ್ರಬಂಧಗಳಿಗೆ ಕ್ರಮವಾಗಿ 90, 41, 17, 9, 6, 5, 3, 1 ಉಲ್ಲೇಖಗಳಿವೆ ಎಂದುಕೊಳ್ಳಿ. ಐದನೆಯದಕ್ಕೆ 6 ಇದೆ, ಆರನೆಯದಕ್ಕೆ 5 ಮಾತ್ರ; ಹಾಗಾಗಿ ಎಚ್-ಇಂಡೆಕ್ಸ್ 5. ಮೊದಲ ಪ್ರಬಂಧದ 90 ನಾಳೆ 900 ಆದರೂ ಅದು 5ರಲ್ಲೇ ನಿಲ್ಲುತ್ತದೆ. ಆರನೆಯದಕ್ಕೆ ಇನ್ನೊಂದೇ ಉಲ್ಲೇಖ ಸಿಕ್ಕರೆ 6 ಆಗುತ್ತದೆ. ಒಂದೇ ಒಂದು ದೊಡ್ಡ ಕೆಲಸ ಮಾಡಿದವರಿಗೆ ಈ ಅಳತೆ ನ್ಯಾಯ ಕೊಡುವುದಿಲ್ಲ. ವಯಸ್ಸಾದಂತೆ ಏರುವುದಲ್ಲದೆ ಎಂದೂ ಇಳಿಯದು. ಆದ್ದರಿಂದ ಕಿರಿಯರನ್ನು ಹಿರಿಯರ ಪಕ್ಕದಲ್ಲಿಟ್ಟು ತೂಗುವುದು ತಪ್ಪು.

ಉಲ್ಲೇಖ ಎಣಿಸುವ ತಾಣಗಳೂ ಬೇರೆ ಬೇರೆ. ಅದೇ ವ್ಯಕ್ತಿಯ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ ಹೆಚ್ಚು, ಸ್ಕೋಪಸ್‌ನಲ್ಲಿ ಕಡಿಮೆ ಕಾಣುವುದು ಮಾಮೂಲು. ಮೊದಲನೆಯದು ಪಿಎಚ್.ಡಿ. ಮಹಾಪ್ರಬಂಧ, ತಜ್ಞರ ಪರಿಶೀಲನೆಗೆ ಮುನ್ನ ಹೊರಬಂದ ಪ್ರಿಪ್ರಿಂಟ್‌ಗಳಲ್ಲಿನ ಉಲ್ಲೇಖಗಳನ್ನೂ ಸೇರಿಸಿಕೊಳ್ಳುತ್ತದೆ. ಎರಡನೆಯದು ಆಯ್ದ ಪ್ರಕಟಣೆಗಳನ್ನು ಮಾತ್ರ. ಯಾವ ಮೂಲದ್ದು, ಯಾವ ದಿನಾಂಕದ್ದು ಎಂದು ಬರೆಯದ ಎಚ್-ಇಂಡೆಕ್ಸನ್ನು ಹೋಲಿಕೆಗೆ ಬಳಸಲೇಬಾರದು.

ನಮ್ಮ ಕಡೆಯ ಹೆಸರುಗಳದ್ದು ಮತ್ತೊಂದು ತೊಡಕು. ಊರಿನದೊಂದು, ತಂದೆಯದೊಂದು ಇನಿಷಿಯಲ್ ಹೊತ್ತು, ಕುಲನಾಮವಿಲ್ಲದೆ ಬರೆಯುವವರ ಪ್ರಬಂಧಗಳು ಒಂದು ಕಡೆ 'ಕೆ. ಎಸ್. ರವಿ', ಇನ್ನೊಂದು ಕಡೆ 'ರವಿ ಕೆ.' ಎಂದು ಒಡೆದುಹೋಗುತ್ತವೆ. ಅಥವಾ ಇನ್ನಾವನೋ ರವಿಯ ಕೃಷಿ ಪ್ರಬಂಧಗಳು ಬಂದು ಸೇರಿಕೊಳ್ಳುತ್ತವೆ. ಇದಕ್ಕೆಂದೇ 2012ರಿಂದ ಸಂಶೋಧಕರೊಬ್ಬರನ್ನೇ ಗುರುತಿಸುವ 16 ಅಂಕಿಗಳ ಆರ್ಕಿಡ್ (ORCID) ಸಂಖ್ಯೆ ಉಚಿತವಾಗಿ ಸಿಗುತ್ತಿದೆ. ಮೊದಲ ಪ್ರಬಂಧ ಕಳಿಸುವ ಮುನ್ನವೇ ಅದನ್ನು ಮಾಡಿಸಿಕೊಂಡು, ಹೆಸರು ಬರೆಯುವ ರೀತಿಯನ್ನು ಒಂದಕ್ಕೇ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಈ ಕ್ಷೇತ್ರದ ನಿಜವಾದ ವಿಶೇಷ ಇರುವುದು ಸ್ಕ್ಯಾನಿನಲ್ಲಿ ಕಂಡದ್ದಕ್ಕೆ ದರ್ಜೆ ಕೊಡುವ ಅಳತೆಗೋಲಿನ ಪ್ರಬಂಧಗಳಲ್ಲಿ. 1987ರಲ್ಲಿ ಫ್ರಾನ್ಜ್ ಫಜೆಕಾಸ್ ಮತ್ತು ಸಂಗಡಿಗರು ಎಂಆರ್‌ಐನಲ್ಲಿ ಮಿದುಳಿನ ಬಿಳಿ ದ್ರವ್ಯದ ಕಲೆಗಳಿಗೆ 0ಯಿಂದ 3ರವರೆಗೆ ದರ್ಜೆ ಕೊಟ್ಟರು. ಆಳದ ಬಿಳಿ ದ್ರವ್ಯದಲ್ಲಿ ಚುಕ್ಕೆಗಳಷ್ಟೇ ಇದ್ದರೆ 1, ಅವು ಒಂದಕ್ಕೊಂದು ಕೂಡಿಕೊಳ್ಳತೊಡಗಿದ್ದರೆ 2, ದೊಡ್ಡ ಕಲೆಗಳಾಗಿ ಬೆರೆತಿದ್ದರೆ 3. ಸ್ಕ್ಯಾನ್ ಕೈಯಲ್ಲಿದ್ದರೆ ಬೇರೆ ಯಂತ್ರ, ತಂತ್ರಾಂಶ ಏನೂ ಬೇಡ, ಕಣ್ಣಳತೆ ಸಾಕು. ಹಾಗಾಗಿಯೇ ದಶಕಗಳಿಂದ ಅದು ಉಲ್ಲೇಖಗೊಳ್ಳುತ್ತಲೇ ಇದೆ. ಆದರೆ ಆಸ್ಪತ್ರೆಯ ವರದಿಯಲ್ಲಿ ವೈದ್ಯರು 'ಫಜೆಕಾಸ್ 2' ಎಂದು ಬರೆದಾಗ ಅದು ಯಾವ ಡೇಟಾಬೇಸಿನಲ್ಲೂ ಉಲ್ಲೇಖವಾಗಿ ದಾಖಲಾಗುವುದಿಲ್ಲ. ಚಿಕಿತ್ಸೆಗೆ ಅತಿ ಹತ್ತಿರವಾದ ಬಳಕೆಯೇ ಲೆಕ್ಕದಿಂದ ಹೊರಗುಳಿಯುತ್ತದೆ. ನನ್ನ ಮಟ್ಟಿಗೆ ಇದು ಈ ಎಣಿಕೆಯ ಅತಿ ದೊಡ್ಡ ಕೊರತೆ.

ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಲೇಖಕರನ್ನು ಅಳೆಯುವುದಂತೂ ಬೇಡವೇ ಬೇಡ. ಹಿಂದಿನ ಎರಡು ವರ್ಷಗಳ ಬರಹಗಳಿಗೆ ಈ ವರ್ಷ ಬಂದ ಉಲ್ಲೇಖಗಳ ಸರಾಸರಿ ಅದು, ಅಷ್ಟೇ. ಕೆಲವೇ ಪ್ರಬಂಧಗಳು ಅದನ್ನು ಮೇಲಕ್ಕೆ ಎಳೆದಿರುತ್ತವೆ.

ಹಾಗಾದರೆ ನೋಡಬೇಕಾದ್ದು ಏನು? ಹೆಚ್ಚು ಉಲ್ಲೇಖ ಪಡೆದ ನಾಲ್ಕೈದು ಪ್ರಬಂಧಗಳನ್ನು ತೆರೆಯಿರಿ. ಸಂಶೋಧಕರು ಮೊದಲ ಹೆಸರೋ, ಕೊನೆಯ ಹೆಸರೋ? ವೈದ್ಯಕೀಯದಲ್ಲಿ ಮೊದಲನೆಯವರು ಸಾಮಾನ್ಯವಾಗಿ ಕೆಲಸದ ಹೆಚ್ಚಿನ ಭಾಗ ಮಾಡಿದವರು, ಕೊನೆಯವರು ಮುನ್ನಡೆಸಿದವರು. ಉಲ್ಲೇಖಿಸಿದವರು ಅದನ್ನು ಪೀಠಿಕೆಯಲ್ಲಿ ಹೆಸರಿಸಿ ಬಿಟ್ಟಿದ್ದಾರೋ, ವಿಧಾನದ ಭಾಗದಲ್ಲಿ ನಿಜವಾಗಿ ಬಳಸಿದ್ದಾರೋ? ಪಾರ್ಶ್ವವಾಯುವಿನ ದೊಡ್ಡ ಪ್ರಯೋಗಗಳಲ್ಲಿ ಎಲ್ಲ ಕೇಂದ್ರಗಳ ಸ್ಕ್ಯಾನ್‌ಗಳನ್ನೂ ಒಂದೆಡೆ ಕೂತು ಓದುವ ತಂಡವೊಂದು ಇರುತ್ತದೆ. ಅವರಲ್ಲಿ ಕೆಲವರ ಹೆಸರು ಲೇಖಕರ ಸಾಲಿನ ನಡುವೆ ಎಲ್ಲೋ ಇರುತ್ತದೆ. ಇನ್ನು ಕೆಲವರದು ಅಲ್ಲೂ ಇರುವುದಿಲ್ಲ. ಅವರನ್ನು ಕಾಣಬೇಕಾದರೆ ವೈದ್ಯಕೀಯ ಪ್ರಬಂಧಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಸಹಯೋಗಿಗಳ ಪಟ್ಟಿಯನ್ನು ಪ್ರತ್ಯೇಕವಾಗಿ ತೆರೆದು ನೋಡಬೇಕು.