ಪದ ಪರಿಚಯ: ಮಕ್ಕಳ ಬೆಳವಣಿಗೆಯ ಸ್ಕ್ರೀನಿಂಗ್

‘ಮಗುವಿನ ಸ್ಕ್ರೀನಿಂಗ್ ಮಾಡ್ಬೇಕು’ ಅಂದ ತಕ್ಷಣ ಎಷ್ಟೋ ತಾಯಂದಿರ ಮುಖ ಸಣ್ಣಗಾಗುತ್ತದೆ. ಮಗುವಿಗೆ ಏನೋ ಆಗಿದೆ ಅಂತಲೇ ತಿಳಿಯುತ್ತಾರೆ. ಚೆನ್ನಾಗಿರುವ ಮಕ್ಕಳನ್ನೂ ಸೇರಿಸಿ ಎಲ್ಲರನ್ನೂ ಒಮ್ಮೆ ನೋಡಿ, ಯಾರನ್ನು ಇನ್ನೊಮ್ಮೆ ನಿಧಾನವಾಗಿ ನೋಡಬೇಕು ಅಂತ ಗುರುತಿಸುವುದೇ ಸ್ಕ್ರೀನಿಂಗ್. ತೊಂದರೆ ನಿಜಕ್ಕೂ ಇದೆಯಾ ಅಂತ ಹೇಳುವುದು ಆಮೇಲಿನ ಕೆಲಸ, ಅದಕ್ಕೆ ಬೇರೆ ಪರೀಕ್ಷೆಗಳಿವೆ. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡುತ್ತಾರಲ್ಲ, ಮಕ್ಕಳನ್ನು ಹಾಗೆ ದರ್ಜೆ ಮಾಡುವುದಿಲ್ಲ.

ನೋಡುವುದು ಏನನ್ನು? ಕೂರುವುದು, ನಡೆಯುವುದು, ಬೆರಳಲ್ಲಿ ಸಣ್ಣ ವಸ್ತು ಹೆಕ್ಕುವುದು, ಮಾತು, ಬುದ್ಧಿ ಓಡಿಸುವುದು. ಇವು ಕಣ್ಣಿಗೆ ಕಾಣುವಂಥವು. ಇವುಗಳ ಜೊತೆ ಇನ್ನೊಂದಿದೆ: ಮಗು ಬೇರೆಯವರ ಜೊತೆ ಹೇಗೆ ಬೆರೆಯುತ್ತದೆ, ಅತ್ತಾಗ ಎತ್ತಿಕೊಂಡರೆ ಸಮಾಧಾನ ಆಗುತ್ತದಾ, ಹೆಸರು ಕರೆದರೆ ತಿರುಗುತ್ತದಾ. ಇದನ್ನು ಸಾಮಾಜಿಕ-ಭಾವನಾತ್ಮಕ ಸ್ಕ್ರೀನಿಂಗ್ ಅನ್ನುತ್ತಾರೆ. ಹೆಸರು ಭಾರ, ವಿಷಯ ಸುಲಭ.

ತೀರ್ಥಹಳ್ಳಿ ಕಡೆ ನೆಂಟರ ಮನೆಯಲ್ಲಿ ಒಂದು ದಿನ ಹಂಚಿನ ಮೇಲೆ ಮಂಗ ಬಂದು ಕೂತಿತು. ಅಂಗಳದಲ್ಲಿದ್ದ ಒಂದೂವರೆ ವರ್ಷದ ಪುಟ್ಟಿ ಬೆರಳು ಮಾಡಿ ಮಂಗವನ್ನು ತೋರಿಸಿದಳು. ಆಮೇಲೆ ತಿರುಗಿ ಅಮ್ಮನ ಮುಖ ನೋಡಿದಳು. ಮತ್ತೆ ಮಂಗದ ಕಡೆ. ‘ನೀನೂ ನೋಡಿದ್ಯಾ?’ ಅಂತ ಕೇಳಿದ ಹಾಗಿತ್ತು. ಬಾಯಲ್ಲಿ ಒಂದು ಪದವೂ ಬರಲಿಲ್ಲ. ಆದರೆ ಸ್ಕ್ರೀನಿಂಗ್ ಮಾಡುವವರು ಹುಡುಕುವುದು ಇದನ್ನೇ, ತಾನು ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸುವ ಆಸೆಯನ್ನು. ಒಂದೂವರೆ ವರ್ಷ ದಾಟಿದರೂ ಮಗು ಏನನ್ನೂ ಬೆರಳು ಮಾಡಿ ತೋರಿಸುತ್ತಿಲ್ಲ ಅಂದರೆ ಡಾಕ್ಟರಿಗೆ ಹೇಳಲೇಬೇಕು.

‘ಏಜಸ್ ಅಂಡ್ ಸ್ಟೇಜಸ್’ ಅಂತ ಒಂದು ಪ್ರಶ್ನಾವಳಿ ಇದೆ, ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದನ್ನು ತುಂಬುವವರು ಅಪ್ಪ-ಅಮ್ಮನೇ. ಉತ್ತರ ಮೂರು: ಹೌದು, ಕೆಲವೊಮ್ಮೆ, ಇನ್ನೂ ಇಲ್ಲ. ಈ ಮೂರನೆಯದು ನನಗೆ ತುಂಬ ಹಿಡಿಸಿತು. ‘ಅವನಿಗೆ ಮಾತು ಬರಲ್ಲ’ ಅನ್ನುವುದಕ್ಕೂ ‘ಇನ್ನೂ ಬಂದಿಲ್ಲ’ ಅನ್ನುವುದಕ್ಕೂ ಕನ್ನಡದಲ್ಲಿ ಎಷ್ಟು ವ್ಯತ್ಯಾಸ ಇದೆ, ಅಲ್ವಾ? ಮೊದಲನೆಯದರಲ್ಲಿ ಬಾಗಿಲು ಹಾಕಿದ ಹಾಗೆ.

ಹಾಗಂತ ಸುಮ್ನೆ ಕಾಯುತ್ತಾ ಕೂರುವುದೂ ಅಲ್ಲ. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಅಂತ ನಮ್ಮ ಕಡೆ ಅಜ್ಜಿಯರು ಧೈರ್ಯ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದರಲ್ಲೇ ವರ್ಷ ಕಳೆದುಹೋಗುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಕಷ್ಟ. ತೋಟದ ನಡುವೆ ಒಂಟಿ ಮನೆ. ಮಳೆಗಾಲ ಶುರುವಾದರೆ ತಿಂಗಳುಗಟ್ಟಲೆ ಮಗು ಮನೆಯವರನ್ನು ಬಿಟ್ಟು ಬೇರೆಯವರನ್ನು ನೋಡುವುದೇ ಕಡಿಮೆ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ನೋಡೋಣ ಅಂದರೆ ಪಕ್ಕದ ಮನೆಯೇ ಇಲ್ಲ. ಇಂಥ ಕಡೆ ಪ್ರಶ್ನೆ ಹಿಡಿದು ಕೇಳುವ ಒಬ್ಬರು ಜಾಸ್ತಿ ಬೇಕು.

ಅದಕ್ಕೆ ವ್ಯವಸ್ಥೆಯೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಆರೋಗ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. 18 ವರ್ಷದವರೆಗಿನ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಕಾಯಿಲೆಗಳ ಜೊತೆಗೆ ಬೆಳವಣಿಗೆ ತಡವಾಗಿರುವುದನ್ನೂ ನೋಡುತ್ತಾರೆ.

ತಂಡದವರ ಮುಂದೆ ಎರಡು ಮಾತು ತಪ್ಪದೆ ಹೇಳಿ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ಎಷ್ಟು ವಾರ ಮುಂಚೆ ಅಂತ. ಎರಡು ವರ್ಷದವರೆಗೆ ವಯಸ್ಸನ್ನು ಅಷ್ಟು ವಾರ ಕಳೆದು ಲೆಕ್ಕ ಹಾಕುತ್ತಾರೆ. ಮಾತು ತಡವಾಗಿದ್ದರೆ, ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂತ ಕೇಳಿ. ಬಾಗಿಲು ದಡ್ ಅಂದಾಗ ಮಗು ಬೆಚ್ಚಿಬೀಳುತ್ತದೆ ಅಂತ ಅದನ್ನು ಬಿಡಬೇಡಿ. ಬಾಗಿಲ ಸದ್ದು ಕೇಳಿಸುವ ಕಿವಿಗೂ ಅಮ್ಮನ ಮೆಲ್ಲನೆಯ ಮಾತು ಪೂರ್ತಿ ಕೇಳಿಸದೆ ಇರಬಹುದು.