ಕರೆಂಟ್ ಇಳಿದರೆ ಬಯೋಫಿಲ್ಮ್ ಸತ್ತಿದೆ ಅಂತಲ್ಲ

ಬ್ಯಾಕ್ಟೀರಿಯಾದಿಂದ ಕರೆಂಟ್ ತೆಗೆಯುವ ರಿಯಾಕ್ಟರ್‌ನಲ್ಲಿ, ಆನೋಡ್ (ಎಲೆಕ್ಟ್ರಾನ್ ಹಿಡಿಯುವ ಎಲೆಕ್ಟ್ರೋಡ್) ಮೇಲೆ ಬಯೋಫಿಲ್ಮ್ (ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಾ ಪದರ) ಬೆಳೆಸುವವರು ಗಾಬರಿಯಿಂದ ಕೇಳುವ ಪ್ರಶ್ನೆ ಇದು: "ಒಳಗೆ ಗಾಳಿ ಹೋಗಿ ಕರೆಂಟ್ ಇಳಿದುಬಿಟ್ಟಿದೆ. ಬ್ಯಾಕ್ಟೀರಿಯಾ ಸತ್ತೇ ಹೋದವಾ?" ಸ್ವಲ್ಪ ಹೊತ್ತು ಮಾತ್ರ ಗಾಳಿ ತಾಗಿದ್ದರೆ ಸಾಮಾನ್ಯವಾಗಿ ಸತ್ತಿರುವುದಿಲ್ಲ. ಎಲೆಕ್ಟ್ರಾನ್‌ಗಳು ದಾರಿ ಬದಲಿಸಿರುತ್ತವೆ, ಅಷ್ಟೇ.

ಈ ಬ್ಯಾಕ್ಟೀರಿಯಾ ಅಸಿಟೇಟ್‌ನಂಥ ಆಹಾರವನ್ನು ಒಡೆದಾಗ ಬರುವ ಎಲೆಕ್ಟ್ರಾನ್‌ಗಳನ್ನು ಎಲ್ಲಾದರೂ ಇಳಿಸಲೇಬೇಕು. ಆನೋಡ್‌ಗೆ ಇಳಿಸಿದರೆ ನಮಗೆ ಕರೆಂಟ್. ಆಮ್ಲಜನಕ ಸಿಕ್ಕರೆ ಅದಕ್ಕೇ ಕೊಟ್ಟುಬಿಡುತ್ತವೆ, ನಮ್ಮ ಪಾಲಿಗೆ ಬರೀ ನೀರು. ಆಮ್ಲಜನಕದ ಒಂದು ಅಣು 4 ಎಲೆಕ್ಟ್ರಾನ್ ಕಬಳಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಗೆ ತೆರೆದಿಟ್ಟ ಒಂದು ಲೀಟರ್ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 1 ಮಿಲಿಆಂಪಿಯರ್ ಕರೆಂಟ್ ಸುಮಾರು 27 ಗಂಟೆ ಹರಿಯಲು ಬೇಕಾದಷ್ಟು ಎಲೆಕ್ಟ್ರಾನ್‌ಗಳನ್ನು ಅಷ್ಟೇ ಆಮ್ಲಜನಕ ನುಂಗಬಲ್ಲದು! ಸಣ್ಣ ಸೋರಿಕೆಯನ್ನೂ ನಾನು ಸುಮ್ನೆ ಬಿಡದಿರುವುದು ಇದಕ್ಕೇ.

ಎಲ್ಲ ಬ್ಯಾಕ್ಟೀರಿಯಾಕ್ಕೂ ಒಂದೇ ನಿಯಮ ಇಲ್ಲ. ಆನೋಡ್‌ಗೆ ಎಲೆಕ್ಟ್ರಾನ್ ಕೊಡುವ ಜಿಯೋಬ್ಯಾಕ್ಟರ್ ಸಲ್ಫರ್‌ರೆಡ್ಯೂಸೆನ್ಸ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಆಗಿಬರುವುದೇ ಇಲ್ಲ ಅಂದುಕೊಂಡಿದ್ದರು. ಕಡಿಮೆ ಪ್ರಮಾಣದಲ್ಲಿದ್ದರೆ ಅದನ್ನೇ ಬಳಸಿ ಬೆಳೆಯಬಲ್ಲದು ಎಂದು 2004ರಲ್ಲಿ ಗೊತ್ತಾಯಿತು. ಇಂಥದ್ದೇ ಇನ್ನೊಂದು ಬ್ಯಾಕ್ಟೀರಿಯಾ ಶೆವನೆಲ್ಲಾ ಅಂತೂ ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬದುಕುತ್ತದೆ. ಹಲವು ಜಾತಿಗಳು ಬೆರೆತ ಬಯೋಫಿಲ್ಮ್‌ನಲ್ಲಿ ಮೇಲಿನ ಪದರದವು ಆಮ್ಲಜನಕವನ್ನು ಮುಗಿಸಿಬಿಡುತ್ತವೆ, ಆನೋಡ್‌ಗೆ ಅಂಟಿಕೊಂಡವು ಹಾಯಾಗಿ ಕೆಲಸ ಮಾಡುತ್ತವೆ. ಆದರೆ ಆ ಕಾವಲಿಗೆ ಖರ್ಚಾಗುವುದು ನೀವು ಹಾಕಿದ ಆಹಾರವೇ ಅಲ್ವಾ?

ಹಾಗಾಗಿ ಕರೆಂಟ್ ಒಂದನ್ನೇ ನೋಡಬೇಡಿ, ಅಸಿಟೇಟ್ ಎಷ್ಟು ಉಳಿದಿದೆ ಅಂತಲೂ ಅಳೆಯಿರಿ. ಕರೆಂಟ್ ಕಡಿಮೆಯಾದರೂ ಅಸಿಟೇಟ್ ಬೇಗ ಖಾಲಿಯಾಗುತ್ತಿದ್ದರೆ ನನ್ನ ಮೊದಲ ಅನುಮಾನ ಆಮ್ಲಜನಕದ ಮೇಲೆ. (ಮೀಥೇನ್ ಮಾಡುವ ಸೂಕ್ಷ್ಮಜೀವಿಗಳೂ ಹೀಗೇ ಕದಿಯುತ್ತವೆ, ಅದನ್ನೂ ಮರೆಯಬೇಡಿ.) ಅಸಿಟೇಟ್ ಹಾಗೇ ಉಳಿದಿದ್ದರೆ ಮಾತ್ರ ಬಯೋಫಿಲ್ಮ್ ಬಗ್ಗೆ ಚಿಂತೆ ಮಾಡಿ.

ಸೋರಿಕೆ ಹುಡುಕುವಾಗ ಎಲ್ಲರೂ ಮುಚ್ಚಳ, ರಬ್ಬರ್ ಬಿರಡೆ ನೋಡುತ್ತಾರೆ. ನಾನು ಮೊದಲು ನೋಡುವುದು ಪಂಪಿನ ಸಿಲಿಕೋನ್ ಪೈಪ್. ತೂತೇ ಇಲ್ಲದಿದ್ದರೂ ಅದರ ಗೋಡೆಯ ಮೂಲಕ ಆಮ್ಲಜನಕ ಒಳಗೆ ಹೋಗುತ್ತದೆ. ಆ ಪೈಪಿನಲ್ಲೇ ನೈಟ್ರೋಜನ್ ಹಾಯಿಸಿ ಆಮ್ಲಜನಕ ತೆಗೆದ ನೀರು ಹರಿಸಿ, ಬೇರೆ ಬಾಟಲಿಯಲ್ಲಿ ಹಿಡಿದು, ರಿಸಾಜುರಿನ್ ಬಣ್ಣದಿಂದ ಪರೀಕ್ಷಿಸಿ. ಬಣ್ಣವನ್ನು ಮೊದಲೇ ರಿಡ್ಯೂಸ್ ಮಾಡಿ (ಎಲೆಕ್ಟ್ರಾನ್ ಕೊಟ್ಟು) ಬಣ್ಣಗೆಡಿಸಿಟ್ಟಿರಬೇಕು. ಅದು ಮತ್ತೆ ಗುಲಾಬಿಗೆ ತಿರುಗಿದರೆ ಆಮ್ಲಜನಕ ಇದೆ ಅಂತ. ರಿಯಾಕ್ಟರ್‌ಗೆ ಮಾತ್ರ ಈ ಬಣ್ಣ ಹಾಕಬೇಡಿ. ಅದೇ ಎಲೆಕ್ಟ್ರಾನ್ ಸಾಗಿಸಲು ಶುರುಮಾಡಿದರೆ ನಿಮ್ಮ ಅಳತೆ ಕೆಡುತ್ತದೆ.