ಇಳಿಜಾರಿನಲ್ಲಿ ಕಟ್ಟುವುದು: ಎಲಿವೇಶನ್‌ಗಿಂತ ಮೊದಲು ಸೆಕ್ಷನ್

ಉತ್ತರ ಕನ್ನಡದಲ್ಲಿ ಸಮತಟ್ಟಾದ ಜಾಗ ಕಡಿಮೆ. ಕಾರವಾರದಲ್ಲಿ ಗುಡ್ಡಗಳು ನೇರ ಸಮುದ್ರಕ್ಕೇ ಇಳಿಯುತ್ತವೆ. ಶಿರಸಿ, ಸಿದ್ದಾಪುರದ ಕಡೆ ಬೆಟ್ಟದಿಂದ ತೋಟದ ತನಕ ಎಲ್ಲವೂ ಓರೆ. ಇಂಥ ನೆಲಕ್ಕೆ ಹೊಂದುವ ಕಟ್ಟಡ ಎಂದ ಕೂಡಲೇ ನಾವು ವಾಸ್ತುಶಿಲ್ಪ ವಿದ್ಯಾರ್ಥಿಗಳು ಎಲಿವೇಶನ್, ಅಂದರೆ ಕಟ್ಟಡದ ಹೊರಮುಖದ ಚಿತ್ರ, ಬರೆಯಲು ಕೂತು ಗೋಡೆಯ ಬಣ್ಣ, ಕಲ್ಲಿನ ಹೊದಿಕೆ, ಹೆಂಚಿನ ಮಾಡುಗಳ ಕಡೆ ಓಡುತ್ತೇವೆ. ಕಟ್ಟಡ ನೆಲವನ್ನು ಹೇಗೆ ಮುಟ್ಟುತ್ತದೆ, ಮಳೆನೀರಿಗೆ ಯಾವ ದಾರಿ ಬಿಡುತ್ತದೆ ಎಂಬ ಎರಡು ಪ್ರಶ್ನೆ ಬಗೆಹರಿಯುವ ತನಕ ಅವುಗಳ ಗೋಜಿಗೆ ಹೋಗಬಾರದು ಎಂಬುದು ನನ್ನ ಖಚಿತ ನಿಲುವು. ಅವು ಬಗೆಹರಿಯುವುದು ಸೆಕ್ಷನ್‌ನಲ್ಲಿ, ಅಂದರೆ ನೆಲವನ್ನೂ ಕಟ್ಟಡವನ್ನೂ ಲಂಬವಾಗಿ ಸೀಳಿದಂತೆ ತೋರಿಸುವ ಚಿತ್ರದಲ್ಲಿ. ಈ ಟಿಪ್ಪಣಿಯ ಬಹುಪಾಲು ಆ ಎರಡು ಪ್ರಶ್ನೆಗಳ ಕುರಿತೇ ಇದೆ.

ನೆಲದೊಳಗೆ ಏನಿದೆ?

ಕರಾವಳಿಯ ಅನೇಕ ಗುಡ್ಡಗಳ ನೆತ್ತಿಯಲ್ಲಿ ಚಿರೆಕಲ್ಲಿನ ಗಟ್ಟಿ ಪದರವಿದೆ. ಅದರ ಕೆಳಗೆ ಬಹಳ ಕಡೆ ಸಿಗುವುದು ಶೇಡಿ ಮಣ್ಣು: ಬಿಳಿ, ಹಳದಿ, ನಸುಗೆಂಪು ಬೆರೆತ ನುಣುಪು ಮಣ್ಣು. ಒಣಗಿದ್ದಾಗ ಇದು ಬಲು ಗಟ್ಟಿ. ಬೇಸಿಗೆಯಲ್ಲಿ ಜೆಸಿಬಿ ಕಡಿದ ಧರೆ (ಗುಡ್ಡದ ಕಡಿದ ಬದಿ) ಲಂಬವಾಗಿ ನಿಂತಿರುವುದನ್ನು ಕಂಡು ಮನೆಯವರು ಧೈರ್ಯ ತಂದುಕೊಳ್ಳುವುದು ಇದರಿಂದಲೇ. ಮಳೆಗಾಲದಲ್ಲಿ ನೀರು ಚಿರೆಕಲ್ಲಿನ ತೂತು, ಬಿರುಕುಗಳ ಮೂಲಕ ಸರಾಗವಾಗಿ ಇಳಿದು ಶೇಡಿಯನ್ನು ಮುಟ್ಟುತ್ತದೆ. ಶೇಡಿಯೊಳಗೆ ನೀರಿನ ಚಲನೆ ತೀರಾ ನಿಧಾನ. ಹಾಗಾಗಿ ಅಲ್ಲೇ ಒತ್ತಡ ಕಟ್ಟುತ್ತದೆ, ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲಾಗುತ್ತದೆ. ಬುಡ ಕಡಿದಿದ್ದರೆ ಮೇಲಿನ ಭಾರಕ್ಕೆ ಆಗ ಆಸರೆಯೇ ಇಲ್ಲ.

2009ರ ಅಕ್ಟೋಬರ್‌ನಲ್ಲಿ ಕಾರವಾರ ಬಳಿಯ ಕಡವಾಡ, 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು. ಮೂರೂ ಕಡೆಯ ಕುಸಿತಕ್ಕೆ ಒಂದೇ ಕಾರಣ ಹಚ್ಚುವುದು ತಪ್ಪು. ಶಿರೂರಿನಲ್ಲಿ ಹೆದ್ದಾರಿಗಾಗಿ ಗುಡ್ಡದ ಬುಡ ಕಡಿಯಲಾಗಿತ್ತು ಎಂಬುದನ್ನು ಮಾತ್ರ ಈ ಜಿಲ್ಲೆಯಲ್ಲಿ ಗೆರೆ ಎಳೆಯುವ ಯಾರೂ ಮರೆಯಕೂಡದು.

ಎಷ್ಟು ಕಡಿಯುತ್ತೇವೆ ಎಂಬ ಲೆಕ್ಕ

ಇದನ್ನು ಕಾಗದ ಹಿಡಿದು ಮಾಡಿ ನೋಡಿ. ನಿವೇಶನದ ಇಳಿಜಾರು 4 ಮೀಟರ್‌ಗೆ 1 ಮೀಟರ್. ಮನೆ 12 ಮೀಟರ್ ಉದ್ದ, 6 ಮೀಟರ್ ಅಗಲ. ಮೇಲೆ ಅಗೆದ ಮಣ್ಣನ್ನೇ ಕೆಳಗೆ ತುಂಬಿ ನೆಲ ಮಟ್ಟ ಮಾಡುತ್ತೇವೆ ಎಂದಿಟ್ಟುಕೊಳ್ಳಿ.

ಮನೆಯ ಉದ್ದವನ್ನು ಇಳಿಜಾರಿನ ದಿಕ್ಕಿಗೆ ಇಟ್ಟರೆ ಈ ತುದಿಗೂ ಆ ತುದಿಗೂ 3 ಮೀಟರ್ ಏರು. ಹಿಂಬದಿಯ ಧರೆ 1.5 ಮೀಟರ್ ಎತ್ತರವಾಗುತ್ತದೆ, ಅಗೆಯುವ ಮಣ್ಣು 27 ಘನ ಮೀಟರ್. ಅದೇ ಮನೆಯನ್ನು ತಿರುಗಿಸಿ, ಉದ್ದವನ್ನು ಸಮೋನ್ನತ ರೇಖೆಯ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಯ) ಗುಂಟ ಇಡಿ: ಧರೆ 75 ಸೆಂಟಿಮೀಟರ್, ಮಣ್ಣು 13.5 ಘನ ಮೀಟರ್. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಳನೆಲವನ್ನು ತಲಾ 3 ಮೀಟರ್ ಅಗಲದ ಎರಡು ಮಟ್ಟಗಳಾಗಿ ಒಡೆಯಿರಿ. ಮಣ್ಣು 6.75 ಘನ ಮೀಟರ್‌ಗೆ ಇಳಿಯುತ್ತದೆ, ಅತಿ ಆಳದ ಅಗೆತ 37.5 ಸೆಂಟಿಮೀಟರ್. ಎರಡು ಮಟ್ಟಗಳ ನಡುವಿನ ವ್ಯತ್ಯಾಸ 75 ಸೆಂಟಿಮೀಟರ್, ಅಂದರೆ 15 ಸೆಂಟಿಮೀಟರ್ ಎತ್ತರದ ಐದು ಮೆಟ್ಟಿಲು. ಜಗುಲಿಯಿಂದ ಒಳಕೋಣೆಗೆ ಐದು ಮೆಟ್ಟಿಲು ಹತ್ತುವ ಮನೆಗೆ ಧರೆ ಎನ್ನುವಷ್ಟು ಎತ್ತರದ ಕಡಿತವೇ ಇರುವುದಿಲ್ಲ! ವಯಸ್ಸಾದವರಿರುವ ಮನೆಯಾದರೆ ಅವರ ಕೋಣೆ, ಬಚ್ಚಲು, ಊಟದ ಜಾಗ ಒಂದೇ ಮಟ್ಟದಲ್ಲಿ ಬರುವಂತೆ ನೋಡಿಕೊಳ್ಳಬೇಕು. ಅದು ಯೋಜನೆಯ ಜಾಣತನಕ್ಕೆ ಬಿಟ್ಟ ವಿಷಯ.

ಒಂದು ಎಚ್ಚರ: ತುಂಬಿದ ಮಣ್ಣಿನ ಮೇಲೆ ಅಡಿಪಾಯ ನಿಲ್ಲಿಸಬಾರದು. ಎಷ್ಟೇ ಬಡಿದು ಕೂರಿಸಿದ್ದರೂ ಪಾಯ ಮೂಲ ಗಟ್ಟಿನೆಲದ ತನಕ ಇಳಿಯಬೇಕು.

ನೀರಿನ ದಾರಿ

ಕಾರವಾರ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಒಂದೇ ದಿನ 100 ಮಿಲಿಮೀಟರ್ ಸುರಿದರೆ ಯಾರೂ ಬೆರಗಾಗುವುದಿಲ್ಲ. ಸೂರಂಚೂ ಸೇರಿ 100 ಚದರ ಮೀಟರ್ ಮಾಡಿನ ಮೇಲೆ ಆ ದಿನ ಬೀಳುವ ನೀರು 10,000 ಲೀಟರ್. ಗುಡ್ಡದಿಂದ ಹರಿದು ಬರುವುದು ಬೇರೆ. ಹಾಗಾಗಿ ಇಳಿಜಾರಿನಲ್ಲಿ ಮನೆಗಿಂತ ಮೇಲೆ, ಗೋಡೆಯಿಂದ ದೂರಕ್ಕೆ, ಕಲ್ಲು ಕಟ್ಟಿದ ಅಡ್ಡಗಾಲುವೆಯೊಂದು ನೀರನ್ನು ಎರಡೂ ಪಕ್ಕಕ್ಕೆ ಒಯ್ದು ಹಳ್ಳದ ಸಹಜ ದಾರಿಗೆ ಸೇರಿಸಬೇಕು. ಧರೆಗೆ ಕಟ್ಟುವ ಗೋಡೆಯ ಹಿಂದೆ ಜಲ್ಲಿ ತುಂಬಿ, ನೀರು ಬಸಿಯಲು ತೂತು ಬಿಡಬೇಕು. ತೂತಿಲ್ಲದ ಗೋಡೆ ಮಣ್ಣಿನ ಜೊತೆಗೆ ನೀರಿನ ತಳ್ಳುವಿಕೆಯನ್ನೂ ಹೊರಬೇಕಾಗುತ್ತದೆ.

ಇಂಗುಗುಂಡಿಯ ವಿಷಯದಲ್ಲಿ ನನಗೆ ಆತಂಕವಿದೆ. ನೀರಿಂಗಿಸುವುದು ಒಳ್ಳೆಯ ಕೆಲಸ, ಆದರೆ ಕಡಿದ ಧರೆಯ ನೆತ್ತಿಯ ಮೇಲೆ ಅಲ್ಲ. ಅಲ್ಲಿ ಇಂಗಿದ ಪ್ರತಿ ಕೊಡವೂ ಶೇಡಿಗೇ ಹೋಗುತ್ತದೆ. ಗುಂಡಿ ಬೇಕಿದ್ದರೆ ಇಳಿಜಾರು ತಗ್ಗಿದಲ್ಲಿ, ಮನೆಗಿಂತ ಕೆಳಗೆ ಇರಲಿ. ಮೇಲಿನ ಮರಗಳನ್ನು ಮುಟ್ಟಬೇಡಿ. ನಿವೇಶನದ ನಕ್ಷೆಯಲ್ಲಿ ಪ್ರತಿ ಮರದ ಬುಡವನ್ನೂ ಗುರುತಿಸಿದ ಮೇಲೆಯೇ ಗೋಡೆಯ ಗೆರೆ ಎಳೆಯಿರಿ.

ನೋಡಿ ಕಲಿಯಬೇಕಾದವು

ಶಿರಸಿ ಕಡೆಯ ಹಳೆಯ ಮನೆಗಳು ಕಣಿವೆಯ ತಳವನ್ನು ಅಡಕೆ ತೋಟಕ್ಕೆ ಬಿಟ್ಟು, ಅದರ ಅಂಚಿನಲ್ಲಿ ತುಸು ಮೇಲೆ ನಿಂತಿವೆ. ಬೆನ್ನಿಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ಕೊಡುವ ಕಾಡು. ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಅಲ್ಲೇ ಬೆಳೆದ ವಸ್ತು, ಎರಚಲು ಹೊಡೆಯುವ ನಾಲ್ಕು ತಿಂಗಳ ಮಟ್ಟಿಗೆ ಮಾತ್ರ. ಭಟ್ಕಳದಲ್ಲಿ 16ನೇ ಶತಮಾನದ ಕೇತಪೈ ನಾರಾಯಣ ದೇವಸ್ಥಾನ ಕಲ್ಲಿನದ್ದಾದರೂ ಮಾಡು ಇಳಿಜಾರು, ಹೊರಗೋಡೆಯಲ್ಲಿ ಕಲ್ಲಿನ ಪಟ್ಟಿಗಳ ಜಾಲರಿ. ಕಲ್ಲಿನಲ್ಲಿ ಕಟ್ಟುವಾಗಲೂ ಶಿಲ್ಪಿಗಳು ಕರಾವಳಿಯ ಮಳೆಯನ್ನು ಮರೆತಿಲ್ಲ.

ಹೊರಗಿನ ಉದಾಹರಣೆಗಳಲ್ಲಿ ಎಲ್ಲರೂ ಹೇಳುವುದು ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ಪೆನ್ಸಿಲ್ವೇನಿಯದ ತೊರೆಯೊಂದರ ಮೇಲೆ ವಿನ್ಯಾಸ ಮಾಡಿದ ಫಾಲಿಂಗ್‌ವಾಟರ್ ಎಂಬ ಮನೆ. ಅಲ್ಲಿ ಬಂಡೆಯನ್ನು ಒಡೆಯದೆ ಬೆಂಕಿಗೂಡಿನ ಮುಂದೆ ನೆಲದಿಂದ ಎದ್ದು ಬರಲು ಬಿಟ್ಟಿದ್ದಾರೆ, ಗೋಡೆಗೆ ಆ ಜಾಗದ್ದೇ ಮರಳುಗಲ್ಲು. ಇಷ್ಟನ್ನು ಕಲಿಯೋಣ. ತೊರೆಯ ಮೇಲೆ ಚಾಚಿದ ಅದರ ಕಾಂಕ್ರೀಟ್ ತಾರಸಿಗಳು ಕಾಲಕ್ರಮೇಣ ಬಾಗಿ, 2002ರಲ್ಲಿ ಉಕ್ಕಿನ ಕೇಬಲ್ ಬಿಗಿದು ಗಟ್ಟಿಗೊಳಿಸಬೇಕಾಯಿತು. ನಮ್ಮ ಹಳ್ಳಗಳ ಮೇಲೆ ಅದನ್ನು ನಕಲು ಮಾಡುವ ಆಸೆ ಬೇಡ. ನಮಗೆ ಹೆಚ್ಚು ಹತ್ತಿರವಾದದ್ದು ಶ್ರೀಲಂಕಾದ ದಾಂಬುಲ್ಲಾ ಬಳಿ ಅಲ್ಲಿನ ವಾಸ್ತುಶಿಲ್ಪಿ ಜೆಫ್ರಿ ಬಾವಾ ವಿನ್ಯಾಸ ಮಾಡಿದ ಕಂದಲಾಮ ಹೋಟೆಲ್. ಉದ್ದನೆಯ ಆ ಕಟ್ಟಡ ಬಂಡೆಯ ಬಾಗನ್ನೇ ಅನುಸರಿಸಿ ಸಾಗುತ್ತದೆ, ಬರಿಬಂಡೆ ಓಡಾಡುವ ದಾರಿಯೊಳಗೇ ಇಣುಕುತ್ತದೆ.

ಅಭ್ಯಾಸಕ್ಕೆ: ಕುಮಟಾ, ಹೊನ್ನಾವರ, ಶಿರಸಿ, ಎಲ್ಲಾದರೂ ಸರಿ, ಒಂದು ಇಳಿಜಾರನ್ನು ಆರಿಸಿಕೊಂಡು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ಅಳೆದು 1:100 ಅಳತೆಯಲ್ಲಿ (ನೆಲದ 1 ಮೀಟರ್‌ಗೆ ಹಾಳೆಯಲ್ಲಿ 1 ಸೆಂಟಿಮೀಟರ್) ಸೆಕ್ಷನ್ ಬರೆಯಿರಿ. ಅದರ ಮೇಲೆ ಒಂದೇ ಮನೆಯನ್ನು ಮೂರು ರೀತಿ ಕೂರಿಸಿ, ಅಗೆಯುವ ಮಣ್ಣಿನ ಲೆಕ್ಕವನ್ನು ಪಕ್ಕದಲ್ಲೇ ಬರೆಯಿರಿ. ಜುಲೈನಲ್ಲಿ ಮತ್ತೆ ಅಲ್ಲಿಗೆ ಹೋಗಿ, ನೀರು ಹರಿಯುವ ಪ್ರತಿ ಸಾಲನ್ನೂ ಅದೇ ಹಾಳೆಯ ಮೇಲೆ ನೀಲಿ ಪೆನ್ಸಿಲ್‌ನಲ್ಲಿ ಗುರುತಿಸಿ. ಎಲಿವೇಶನ್ ಅದಾದ ಮೇಲೆ.